ಸರ್ವರ್ ಡೌನ್ ಅಂದಾಗ ನಿಜಕ್ಕೂ ಕೆಟ್ಟಿರುವುದು ಏನು?

ಮೊದಲೆಲ್ಲ ಸರ್ಕಾರಿ ಕಚೇರಿಗೆ ಹೋದರೆ 'ಸಾಹೇಬ್ರು ಇಲ್ಲ, ನಾಳೆ ಬನ್ನಿ' ಅನ್ನುತ್ತಿದ್ದರು. ಸಿಟ್ಟು ಬರುತ್ತಿತ್ತು, ನಿಜ. ಆದರೂ ಕೇಳುವುದಕ್ಕೆ ಏನಾದರೂ ಇರುತ್ತಿತ್ತು. ಎಲ್ಲಿಗೆ ಹೋಗಿದ್ದಾರೆ? ಯಾವಾಗ ಬರುತ್ತಾರೆ? ಚಾರ್ಜ್ ಯಾರ ಹತ್ತಿರ ಇದೆ? ಈಗ ಸಿಗುವ ಉತ್ತರ 'ಸರ್ವರ್ ಡೌನ್'. ಇದಕ್ಕೆ ಎದುರು ಮಾತೇ ಇಲ್ಲ. ಆ ಸರ್ವರ್ ಎಲ್ಲಿದೆ ಅಂತ ಹೇಳಿದವರಿಗೂ ಗೊತ್ತಿಲ್ಲ, ಕೇಳಿಸಿಕೊಂಡವರಿಗೂ ಗೊತ್ತಿಲ್ಲ. ಮಳೆ ಬರಲಿಲ್ಲ ಅನ್ನುವಷ್ಟೇ ಸಹಜವಾಗಿ ಒಪ್ಪಿಕೊಂಡು ಜನ ಮನೆಗೆ ಹೋಗುತ್ತಾರೆ.

2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಇದೇ ಉತ್ತರ ಕೇಳಿದೆವು. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2025ರ ಆರಂಭದಲ್ಲಿ ಪದೇಪದೇ ನಿಂತಾಗಲೂ ಇದನ್ನೇ ಕೇಳಿದೆವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಹತ್ತಿದ ಮೇಷ್ಟ್ರುಗಳು ಆಪ್ ತೆರೆಯದೆ ಒದ್ದಾಡಿದರು. ರೇಷನ್ ಅಂಗಡಿಯಲ್ಲಂತೂ ಇದು ತಿಂಗಳ ಮಾತು.

ಇದು ದುರದೃಷ್ಟ ಅಲ್ಲ ಅನ್ನುವುದು ನನ್ನ ವಾದ. ಕಂಪ್ಯೂಟರನ್ನು ಎಲ್ಲಿ ಇಡಬೇಕು, ನೆಟ್‌ವರ್ಕ್ ಇಲ್ಲದಾಗ ಅದು ಏನು ಮಾಡಬೇಕು ಅಂತ ಯಾರೋ ತೀರ್ಮಾನ ಮಾಡಿದ್ದಾರೆ. ಅಥವಾ ತೀರ್ಮಾನ ಮಾಡದೆ ಬಿಟ್ಟಿದ್ದಾರೆ. ಅದರ ಫಲವನ್ನೇ ನಾವು ಕ್ಯೂನಲ್ಲಿ ನಿಂತು ಉಣ್ಣುತ್ತಿರುವುದು.

ಒಂದು ಹೆಬ್ಬೆಟ್ಟಿನ ಪ್ರಯಾಣ

ರೇಷನ್ ಅಂಗಡಿಯಲ್ಲಿ ಅಜ್ಜಿಯೊಬ್ಬರು ಯಂತ್ರದ ಮೇಲೆ ಬೆರಳಿಟ್ಟರು ಅಂದುಕೊಳ್ಳಿ. ಅಕ್ಕಿ ಮೂಟೆ ಅವರಿಂದ ಎರಡು ಮಾರು ದೂರದಲ್ಲಿದೆ. ಅಂಗಡಿಯವರಿಗೆ ಅವರ ಪರಿಚಯ ಮೂವತ್ತು ವರ್ಷದ್ದು. ಆದರೂ ಬೆರಳಿನ ಗುರುತು ಮೊದಲು ಯಂತ್ರದೊಳಗಿನ ಸಿಮ್ ಮೂಲಕ ಹತ್ತಿರದ ಟವರ್‌ಗೆ ಹೋಗಬೇಕು. ಟವರ್‌ನಿಂದ ಟೆಲಿಕಾಂ ಕಂಪನಿಯ ಜಾಲಕ್ಕೆ, ಅಲ್ಲಿಂದ ಆಹಾರ ಇಲಾಖೆಯ ಸರ್ವರ್‌ಗೆ. ಆ ಸರ್ವರ್ ಇದನ್ನು ಆಧಾರ್ ಜೊತೆ ಮಾತಾಡಲು ಅನುಮತಿ ಇರುವ ಮಧ್ಯದ ಸಂಸ್ಥೆಯೊಂದಕ್ಕೆ ದಾಟಿಸಬೇಕು. ಕೊನೆಗೆ ಬೆಂಗಳೂರಿನಲ್ಲೋ ಹರಿಯಾಣದ ಮಾನೇಸರ್‌ನಲ್ಲೋ ಇರುವ ಆಧಾರ್ ಡೇಟಾ ಸೆಂಟರ್‌ನಲ್ಲಿ ಹೊಂದಾಣಿಕೆ ನೋಡಿ 'ಹೌದು, ಇವರೇ' ಅನ್ನಬೇಕು. ಆ 'ಹೌದು' ಬಂದ ದಾರಿಯಲ್ಲೇ ವಾಪಸ್ ಬರಬೇಕು. ಎಲ್ಲ ಸರಿಯಿದ್ದರೆ ಕೆಲವೇ ಸೆಕೆಂಡಿನ ಕೆಲಸ. ಹಾಗೆ ನೋಡಿದರೆ ಅದ್ಭುತವೇ.

ಆದರೆ ಈ ಸರಪಳಿಯ ಲೆಕ್ಕ ಬೇರೆ ರೀತಿ ಇದೆ. ಆರು ಕೊಂಡಿಗಳಿವೆ, ಪ್ರತಿಯೊಂದೂ 100ರಲ್ಲಿ 99 ಸಲ ಸರಿಯಾಗಿ ಕೆಲಸ ಮಾಡುತ್ತದೆ ಅಂತಿಟ್ಟುಕೊಳ್ಳಿ. 99 ಅಂದರೆ ಒಳ್ಳೇ ಮಾರ್ಕು ಅಲ್ವಾ? ಆದರೆ ಆರೂ ಒಟ್ಟಿಗೆ ಸರಿಯಿರುವುದು 100ರಲ್ಲಿ 94 ಸಲ ಮಾತ್ರ. ಅಂದರೆ ನೂರು ಜನರ ಸಾಲಿನಲ್ಲಿ ಆರು ಜನಕ್ಕೆ ಕೆಲಸ ಆಗುವುದಿಲ್ಲ. ಆ ಆರು ಕೊಂಡಿಗಳ ಉಸ್ತುವಾರಿ ಆರು ಬೇರೆಬೇರೆ ಕಚೇರಿಗಳದ್ದು. ಪ್ರತಿ ಕಚೇರಿಯೂ 'ನಮ್ಮದು 99 ಇದೆ' ಅಂತ ವರದಿ ಕೊಡುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಕೌಂಟರ್‌ನಲ್ಲಿ ನಿಂತವರ 94ನ್ನು ಅಳೆಯುವ ಕೆಲಸ ಯಾರದ್ದೂ ಅಲ್ಲ.

'ಸರ್ವರ್ ಡೌನ್' ಅನ್ನುವ ಒಂದೇ ಮಾತಿನೊಳಗೆ ಹೀಗೆ ಹತ್ತು ಕಾಯಿಲೆಗಳಿವೆ. ಸಿಗ್ನಲ್ ಇಲ್ಲದಿರಬಹುದು. ರಸ್ತೆ ಅಗೆಯುವ ಜೆಸಿಬಿ ಕೇಬಲ್ ಕತ್ತರಿಸಿರಬಹುದು. ಒಟಿಪಿ ಕಳಿಸುವ ವ್ಯವಸ್ಥೆ ನಿಂತಿರಬಹುದು. ನಿನ್ನೆ ರಾತ್ರಿ ಹಾಕಿದ ಹೊಸ ಅಪ್‌ಡೇಟ್ ಎಡವಟ್ಟು ಮಾಡಿರಬಹುದು. ಇವೆಲ್ಲ ಇದ್ದದ್ದೇ. ಆದರೆ ನಮ್ಮಲ್ಲಿ ಹೆಚ್ಚಾಗಿ ಕಾಡುವ ಕಾಯಿಲೆ ಬೇರೆ. ಒಮ್ಮೆಗೇ ಜಾಸ್ತಿ ಜನ ಬರುವುದು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಯಾಕೆಂದರೆ ಇದರ ಮದ್ದು ನಮಗೆ ಒಂದು ಕಾಲದಲ್ಲಿ ಗೊತ್ತಿತ್ತು.

ಟೆಲಿಫೋನಿನವರು ಕಲಿತ ಪಾಠ

ಕಂಪ್ಯೂಟರ್ ಬೇರೆ, ಫೋನ್ ಬೇರೆ, ಎರಡೂ ಇತ್ತೀಚೆಗೆ ಒಂದಾದವು ಅಂತ ನಾವು ಅಂದುಕೊಳ್ಳುತ್ತೇವೆ. ಅವು ಹುಟ್ಟಿನಿಂದಲೇ ನೆಂಟರು. ಕಂಪ್ಯೂಟರಿನ ಜೀವಾಳವಾದ ಟ್ರಾನ್ಸಿಸ್ಟರ್ 1947ರಲ್ಲಿ ತಯಾರಾಗಿದ್ದು ಅಮೆರಿಕದ ಟೆಲಿಫೋನ್ ಕಂಪನಿಯ ಬೆಲ್ ಲ್ಯಾಬ್ಸ್‌ನಲ್ಲಿ. ಮಾಹಿತಿಯನ್ನು ಬಿಟ್‌ಗಳಲ್ಲಿ ಅಳೆಯುವುದು ಹೇಗೆ ಅಂತ ಕ್ಲಾಡ್ ಶಾನನ್ 1948ರಲ್ಲಿ ಬರೆದದ್ದೂ ಅಲ್ಲೇ ಕೆಲಸದಲ್ಲಿದ್ದಾಗ. 1965ರಲ್ಲಿ ನ್ಯೂಜೆರ್ಸಿಯಲ್ಲಿ ಕಂಪ್ಯೂಟರ್ ನಡೆಸುವ ಟೆಲಿಫೋನ್ ಎಕ್ಸ್‌ಚೇಂಜ್, ಅಂದರೆ ಕರೆಗಳನ್ನು ಜೋಡಿಸುವ ಕೇಂದ್ರ, ಶುರುವಾಯಿತು. ಅಲ್ಲಿಂದ ಮುಂದೆ ಎಕ್ಸ್‌ಚೇಂಜ್ ಅಂದರೆ ಒಂದು ದೊಡ್ಡ ಕಂಪ್ಯೂಟರೇ.

ಇದಕ್ಕೂ ಮೊದಲು, 1909ರಲ್ಲಿ, ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್ ಎಂಬ ಗಣಿತಜ್ಞ ಟೆಲಿಫೋನ್ ಕರೆಗಳು ಹೇಗೆ ಬರುತ್ತವೆ ಅನ್ನುವುದಕ್ಕೆ ಲೆಕ್ಕ ಕಟ್ಟಿದ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಗೆ ಒಂದು ಪ್ರಶ್ನೆ ಇತ್ತು. ಇಷ್ಟು ಜನ ಗ್ರಾಹಕರಿಗೆ ಎಷ್ಟು ಲೈನ್ ಹಾಕಬೇಕು? ಜಾಸ್ತಿ ಹಾಕಿದರೆ ದುಡ್ಡು ದಂಡ, ಕಡಿಮೆ ಹಾಕಿದರೆ ಲೈನ್ ಸಿಗುವುದಿಲ್ಲ. ಎರ್ಲಾಂಗ್ ಕೆಲಸದಿಂದ ಬೆಳೆದ ಕ್ಯೂ ಲೆಕ್ಕವೇ ಇವತ್ತಿನ ಸರ್ವರ್‌ಗಳಿಗೂ ಅನ್ವಯಿಸುತ್ತದೆ.

ಅದರ ಸಾರ ಹೀಗಿದೆ. ಒಂದು ಕೌಂಟರ್, ಒಬ್ಬರಿಗೆ ಸರಾಸರಿ ಒಂದು ನಿಮಿಷದ ಕೆಲಸ. ಅಂದರೆ ಗಂಟೆಗೆ 60 ಜನರಿಗೆ ಸಾಕು. ಜನ ತಮಗೆ ತೋಚಿದ ಹೊತ್ತಿಗೆ ಬರುತ್ತಾರೆ. ಗಂಟೆಗೆ 30 ಜನ ಬಂದರೆ ಒಬ್ಬೊಬ್ಬರು ಒಳಗೆ ಹೋಗಿ ಹೊರಬರಲು ಸರಾಸರಿ 2 ನಿಮಿಷ ಹಿಡಿಯುತ್ತದೆ. 48 ಜನ ಬಂದರೆ 5 ನಿಮಿಷ. 54 ಆದರೆ 10 ನಿಮಿಷ. 57 ಆದರೆ 20. 59 ಆದರೆ ಒಂದು ಗಂಟೆ! 54ರಿಂದ 59ಕ್ಕೆ ಬರೀ ಐದು ಜನ ಜಾಸ್ತಿ ಆಗಿದ್ದು, ಹಿಡಿಯುವ ಹೊತ್ತು ಮಾತ್ರ ಆರು ಪಟ್ಟು. 60 ದಾಟಿದರೆ ಸಾಲು ಕರಗುವುದೇ ಇಲ್ಲ. ಸರ್ವರ್ ನಿಧಾನವಾಗಿ ಸುಸ್ತಾಗುವುದಿಲ್ಲ, ಗೋಡೆಗೆ ಗುದ್ದಿದ ಹಾಗೆ ನಿಂತುಬಿಡುತ್ತದೆ ಅನ್ನುವುದಕ್ಕೆ ಇದೇ ಕಾರಣ. 'ನಿನ್ನೆವರೆಗೂ ಚೆನ್ನಾಗಿತ್ತಲ್ಲ' ಅನ್ನುವ ಅಧಿಕಾರಿಯ ಮಾತೂ ಸುಳ್ಳಲ್ಲ. ನಿನ್ನೆ 54 ಇತ್ತು.

ಈಗ ಇದಕ್ಕೆ ಭಾರತದ ಒಗ್ಗರಣೆ ಸೇರಿಸಿ. ಬೆಂಗಳೂರಿನ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1948ರಲ್ಲಿ ಶುರುವಾಯಿತು. ದೂರವಾಣಿನಗರ ಅಂತ ಊರಿಗೆ ಹೆಸರು ಬಂದಿದ್ದೇ ಅದರಿಂದ. 1960ರ ದಶಕದಲ್ಲಿ ಬೆಲ್ಜಿಯಂ ಕಂಪನಿಯೊಂದರ ತಂತ್ರಜ್ಞಾನ ತಂದು ಅಲ್ಲಿ ಕ್ರಾಸ್‌ಬಾರ್ ಅನ್ನುವ ಬಗೆಯ ಎಕ್ಸ್‌ಚೇಂಜ್ ತಯಾರಿಸತೊಡಗಿದರು. ಯುರೋಪಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಆ ವಿನ್ಯಾಸ ಇಲ್ಲಿನ ಊರುಗಳಲ್ಲಿ ಏದುಸಿರು ಬಿಟ್ಟಿತು. ಯಾಕೆ? ಅಲ್ಲಿ ಮನೆಗೊಂದು ಫೋನು. ಇಲ್ಲಿ ಒಂದು ಫೋನಿಗೆ ಇಡೀ ಬೀದಿ. ಪ್ರತಿ ಲೈನಿನ ಮೇಲೂ ಅಲ್ಲಿಗಿಂತ ಎಷ್ಟೋ ಹೆಚ್ಚು ಕರೆ. ಲೈನ್ ಸಿಗದಿದ್ದರೆ ನಮ್ಮವರು ರಿಸೀವರ್ ಇಟ್ಟು ಸುಮ್ಮನೆ ಕೂರುವವರೂ ಅಲ್ಲ, ಸಿಗುವ ತನಕ ತಿರುಗಿಸುತ್ತಲೇ ಇರುವವರು. ಪ್ರತಿ ವಿಫಲ ಪ್ರಯತ್ನವೂ ಯಂತ್ರಕ್ಕೆ ಇನ್ನೊಂದು ಕೆಲಸ. ಸಿಗಲಿಲ್ಲ ಅಂತ ಮತ್ತೆ ಮಾಡುತ್ತಾರೆ, ಮತ್ತೆ ಮಾಡುವುದರಿಂದಲೇ ಸಿಗುವುದಿಲ್ಲ. ಕೊನೆಗೆ ನಮ್ಮ ಎಂಜಿನಿಯರ್‌ಗಳೇ ಆ ವಿನ್ಯಾಸ ತಿದ್ದಿ ಇಲ್ಲಿನ ಒತ್ತಡಕ್ಕೆ ಹೊಂದಿಸಬೇಕಾಯಿತು.

ಈ ಪಾಠ ಮರೆಯದವರು 1984ರಲ್ಲಿ ಸಿ-ಡಾಟ್ ಎಂಬ ಸರ್ಕಾರಿ ಟೆಲಿಫೋನ್ ಸಂಶೋಧನಾ ಸಂಸ್ಥೆ ಕಟ್ಟಿದರು. ಅದನ್ನು ಕಟ್ಟಿದವರಲ್ಲಿ ಸ್ಯಾಮ್ ಪಿತ್ರೋಡಾ ಹೆಸರು ಎಲ್ಲರಿಗೂ ಗೊತ್ತು, ಜಿ.ಬಿ. ಮೀಮಾಂಸಿ ಅವರ ಹೆಸರು ಅಷ್ಟಾಗಿ ಗೊತ್ತಿಲ್ಲ. ದೆಹಲಿ ಮತ್ತು ಬೆಂಗಳೂರಿನಲ್ಲಿ ಕೂತು ಕಿರಿಯ ಎಂಜಿನಿಯರ್‌ಗಳು ಹಳ್ಳಿಗೆ ಬೇಕಾದ ಎಕ್ಸ್‌ಚೇಂಜ್ ಮಾಡಿದರು. ಏರ್ ಕಂಡೀಷನರ್ ಬೇಕಿರಲಿಲ್ಲ. ಧೂಳು, ಸೆಕೆ ತಡೆಯುತ್ತಿತ್ತು. ಜಾಸ್ತಿ ಕರೆಗಳ ಒತ್ತಡವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು. 128 ಲೈನಿನ ಆ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ಚಾಲೂ ಆಗಿದ್ದು ನಮ್ಮ ಕಿತ್ತೂರಿನಲ್ಲಿ, ಚನ್ನಮ್ಮನ ಕಿತ್ತೂರಿನಲ್ಲಿ.

ಅಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ಎಕ್ಸ್‌ಚೇಂಜ್ ಒಂದು ಪುಟ್ಟ ಡಿಜಿಟಲ್ ಕಂಪ್ಯೂಟರ್, ಮತ್ತು ಅದು ಇದ್ದದ್ದು ಊರಿನೊಳಗೇ. ಹೊರಗಿನ ಲೈನ್ ಕಡಿದುಹೋದರೂ ಊರಿನವರು ಊರಿನವರಿಗೆ ಫೋನ್ ಮಾಡಬಹುದಿತ್ತು. ಪಕ್ಕದ ಬೀದಿಗೆ ಮಾತಾಡಲು ದೂರದ ಊರಿನ ಯಂತ್ರದ ಅಪ್ಪಣೆ ಬೇಕಿರಲಿಲ್ಲ.

ಅದೇ ಹಳೇ ಕಾಯಿಲೆ

ಈಗ 2025ರ ಏಪ್ರಿಲ್ 12ಕ್ಕೆ ಬನ್ನಿ. ಅವತ್ತು ದೇಶದ ಉದ್ದಗಲಕ್ಕೂ ಯುಪಿಐ ಗಂಟೆಗಟ್ಟಲೆ ಕೈಕೊಟ್ಟಿತು. ಮಾರ್ಚ್ 26ರಂದೂ ಒಮ್ಮೆ ಕೈಕೊಟ್ಟಿತ್ತು. ಏಪ್ರಿಲ್‌ನ ಘಟನೆಗೆ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಕೊಟ್ಟ ಕಾರಣ ಓದಿದರೆ ಹಳೇ ಎಕ್ಸ್‌ಚೇಂಜ್ ನೆನಪಾಗುತ್ತದೆ. 'ಆ ಪಾವತಿ ಏನಾಯಿತು, ಏನಾಯಿತು' ಅಂತ ಬ್ಯಾಂಕುಗಳ ಕಂಪ್ಯೂಟರ್‌ಗಳು ಮತ್ತೆ ಮತ್ತೆ ವಿಚಾರಿಸಿದ್ದೇ ವ್ಯವಸ್ಥೆಯ ಮೇಲೆ ಭಾರ ಹಾಕಿತ್ತು. ಹಿಂದೆ ಜನ ಡಯಲ್ ತಿರುಗಿಸುತ್ತಿದ್ದರು, ಈಗ ಯಂತ್ರಗಳೇ ತಿರುಗಿಸುತ್ತವೆ. ಆಮೇಲೆ ಎನ್‌ಪಿಸಿಐ ಇಂಥ ವಿಚಾರಣೆಗಳಿಗೆ ಮಿತಿ ಹಾಕಿತು. ಒಂದು ಆಪ್‌ನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಬ್ಯಾಲೆನ್ಸ್ ನೋಡುವಂತಿಲ್ಲ ಅನ್ನುವ ನಿಯಮ ಬಂದದ್ದೂ ಆಗಲೇ. ಜನ ನಕ್ಕರು, ದಿನಕ್ಕೆ 50 ಸಲ ಬ್ಯಾಲೆನ್ಸ್ ನೋಡುವಷ್ಟು ದುಡ್ಡು ಯಾರ ಹತ್ತಿರ ಇದೆ ಅಂತ. ಆದರೆ ಆ ನಿಯಮದ ಹಿಂದೆ ಇರುವುದು ಶುದ್ಧ ಕ್ಯೂ ಲೆಕ್ಕ. ಅದೇ ವರ್ಷ ಆಗಸ್ಟ್‌ನಲ್ಲಿ ಯುಪಿಐ ತಿಂಗಳಿಗೆ 2000 ಕೋಟಿ ವಹಿವಾಟು ದಾಟಿತು. ಅಷ್ಟು ದೊಡ್ಡ ಸಾಲಿನಲ್ಲಿ ಸುಮ್ನೆ ಬಂದು ವಿಚಾರಿಸಿ ಹೋಗುವವರೂ ಭಾರವೇ.

ಕಾವೇರಿ 2.0ಕ್ಕೆ ಬಂದದ್ದೂ ಇದೇ ಜಾತಿಯ ತೊಂದರೆ, ಆದರೆ ಬೇಕೆಂದೇ ಮಾಡಿದ್ದು. ನಕಲಿ ಖಾತೆಗಳಿಂದ ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ಹುಡುಕಾಟದ ಬೇಡಿಕೆಗಳನ್ನು ರಾಶಿಗಟ್ಟಲೆ ಕಳಿಸಿ ವ್ಯವಸ್ಥೆಯನ್ನು ಉಸಿರುಗಟ್ಟಿಸಿದರು ಅಂತ ಸರ್ಕಾರವೇ ಹೇಳಿತು, ಪೊಲೀಸ್ ದೂರೂ ಆಯಿತು. ದಾಳಿ ಮಾಡಿದವರಿಗೆ ಬೀಗ ಒಡೆಯುವ ಕಷ್ಟವೇ ಬೇಕಾಗಲಿಲ್ಲ. ಬಾಗಿಲಲ್ಲಿ ಜನಜಂಗುಳಿ ಮಾಡಿದರೆ ಸಾಕಾಯಿತು. ಸೈಟು ನೋಂದಣಿಗೆ ದಿನ ನೋಡಿಕೊಂಡು, ಸಾಕ್ಷಿಗಳನ್ನು ಕರೆದುಕೊಂಡು ಬಂದವರು ಬೆಂಚಿನ ಮೇಲೆ ಕೂತು ವಾಪಸಾದರು.

ಹಾಗಾದರೆ ಕಂಪ್ಯೂಟರ್‌ಗಳನ್ನೆಲ್ಲ ಮತ್ತೆ ಊರೂರಿಗೆ ಹಂಚಿಬಿಡೋಣವೇ? ಅಷ್ಟು ಸುಲಭ ಇಲ್ಲ. ಪಹಣಿಯ ಕಥೆ ನೋಡಿ. ಭೂಮಿ ಯೋಜನೆಯಲ್ಲಿ ಕರ್ನಾಟಕ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 2002ರ ಹೊತ್ತಿಗೆ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿಸಿದ ಪಹಣಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ಆಗ ದಾಖಲೆ ಇದ್ದ ಸರ್ವರ್ ತಾಲ್ಲೂಕು ಕಚೇರಿಯಲ್ಲೇ ಇತ್ತು, ಕಿತ್ತೂರಿನ ಎಕ್ಸ್‌ಚೇಂಜ್ ಇದ್ದ ಹಾಗೆ. ಆಮೇಲೆ ಅದು ರಾಜಧಾನಿಗೆ ಹೋಯಿತು. ಅದರಿಂದ ಲಾಭವೂ ಆಯಿತು. ಈಗ ಮುಂಬೈನಲ್ಲಿ ಹೋಟೆಲ್ ನಡೆಸುವವರು ಅಲ್ಲೇ ಕೂತು ಕುಂದಾಪುರದ ಜಮೀನಿನ ಪಹಣಿ ನೋಡಬಹುದು. ತಾಲ್ಲೂಕಿನಲ್ಲಿ ಬ್ಯಾಕಪ್ ಇಡದೆ ಡಿಸ್ಕ್ ಕೆಟ್ಟರೆ ಇಡೀ ತಾಲ್ಲೂಕಿನ ದಾಖಲೆ ಹೋಯಿತು ಅನ್ನುವ ಭಯ ಇಲ್ಲ. ಒಳಗಿನವರು ರಾತ್ರೋರಾತ್ರಿ ಹೆಸರು ತಿದ್ದುವುದು ಮೊದಲಿನಷ್ಟು ಸಲೀಸಲ್ಲ. ಜಮೀನಿನ ಒಡೆತನದಂಥ ವಿಷಯಕ್ಕೆ ಒಂದೇ ಮೂಲ ಪುಸ್ತಕ ಇರಬೇಕು, ಅದು ಭದ್ರವಾಗಿ ಒಂದು ಕಡೆ ಇರಬೇಕು. ಒಪ್ಪೋಣ.

ನನ್ನ ತಕರಾರು ಇರುವುದು ಪುಸ್ತಕ ಎಲ್ಲಿದೆ ಅನ್ನುವುದಕ್ಕಲ್ಲ. ಪ್ರತಿ ಸಣ್ಣ ಕೆಲಸಕ್ಕೂ ಆ ಕ್ಷಣದಲ್ಲೇ ಆ ಪುಸ್ತಕ ತೆರೆದು ನೋಡಲೇಬೇಕು ಅನ್ನುವುದಕ್ಕೆ.

ಇಂಟರ್ನೆಟ್ಟಿನ ಹಿಂದಿನ ಯೋಚನೆಗೆ ಇದು ತದ್ವಿರುದ್ಧ ಕೂಡ. 1960ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಪಾಲ್ ಬಾರನ್ ಅಣುಬಾಂಬ್ ಬಿದ್ದರೂ ಉಳಿಯುವ ಜಾಲ ಹೇಗಿರಬೇಕು ಅಂತ ಯೋಚಿಸಿದ. ಅವನ ಉತ್ತರ, ನಡುವೆ ಕೇಂದ್ರವೇ ಇರಬಾರದು. ಸಂದೇಶವನ್ನು ತುಂಡು ಮಾಡಿ, ಸಿಕ್ಕ ದಾರಿಯಲ್ಲಿ ಕಳಿಸಬೇಕು. ಅಂಥ ತುಂಡುಗಳ ಮೇಲೆಯೇ ಇವತ್ತಿನ ಇಂಟರ್ನೆಟ್ ನಡೆಯುವುದು. ದಾರಿಗಳು ಹಲವಾದವು, ಆದರೆ ಎಲ್ಲ ದಾರಿಗಳೂ ಹೋಗಿ ಸೇರುವ ಮನೆಗಳು ಮಾತ್ರ ಕೆಲವೇ ಆದವು. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ವರ್ಜೀನಿಯಾ ಕೇಂದ್ರದಲ್ಲಿ ಒಂದು ಸ್ವಯಂಚಾಲಿತ ತಂತ್ರಾಂಶ ಎಡವಿ ಒಂದು ವಿಳಾಸದ ದಾಖಲೆ ಖಾಲಿಯಾಯಿತು. ಅಷ್ಟಕ್ಕೇ ಸ್ನ್ಯಾಪ್‌ಚಾಟ್, ಸಿಗ್ನಲ್ ಸೇರಿ ಹತ್ತಾರು ಸೇವೆಗಳು ತತ್ತರಿಸಿದವು. ಕೇಬಲ್‌ಗಳು ಗಟ್ಟಿಮುಟ್ಟಾಗಿಯೇ ಇದ್ದವು.

ನೆಟ್‌ವರ್ಕ್ ಬೇಡದ ಕಂಪ್ಯೂಟರ್‌ಗಳು

ಬೇರೆ ದಾರಿ ಇಲ್ಲವೇ ಅಂದರೆ, ಇದೆ. ನಮ್ಮ ಕೈಯಲ್ಲೇ ಇದೆ. ದೇಶದ ಅತಿ ದೊಡ್ಡ ಕೆಲಸ, ಅಂದರೆ ಚುನಾವಣೆ, ನಡೆಯುವುದು ನೆಟ್‌ವರ್ಕ್ ಇಲ್ಲದ ಯಂತ್ರದ ಮೇಲೆ. ಮತಯಂತ್ರವನ್ನು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುತ್ತವೆ. ಅದಕ್ಕೆ ಸಿಮ್ ಇಲ್ಲ, ವೈಫೈ ಇಲ್ಲ. ಬೇಕೆಂದೇ ಇಟ್ಟಿಲ್ಲ. ಆ ಯಂತ್ರದ ಬಗ್ಗೆ ರಾಜಕೀಯ ಜಗಳ ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ಆದರೆ ಸಿಗ್ನಲ್ ಇಲ್ಲದ ಮಲೆನಾಡಿನ ಮತಗಟ್ಟೆಯಲ್ಲೂ 'ಸರ್ವರ್ ಡೌನ್, ನಾಳೆ ವೋಟು ಹಾಕಿ' ಅಂತ ಯಾರೂ ಹೇಳಿದ್ದಿಲ್ಲ. ಮತದಾರರ ಪಟ್ಟಿ ಕಾಗದದಲ್ಲಿ ಮುಂದೆ ಇರುತ್ತದೆ, ಶಾಯಿ ಬೆರಳಿಗೆ ಬೀಳುತ್ತದೆ, ಲೆಕ್ಕ ಯಂತ್ರದಲ್ಲೇ ಉಳಿಯುತ್ತದೆ.

ನಮ್ಮ ಮೆಟ್ರೋದಲ್ಲಿ ಬಳಸುವ ಕಾರ್ಡಿನಲ್ಲೂ ಇದೇ ಜಾಣತನ. ದುಡ್ಡಿನ ಲೆಕ್ಕ ಕಾರ್ಡಿನ ಚಿಪ್‌ನಲ್ಲೇ ಇದೆ. ಗೇಟು ಅದನ್ನು ಓದಿ, ಕಳೆದು, ಬಾಗಿಲು ತೆರೆಯುತ್ತದೆ. ಬ್ಯಾಂಕಿಗೆ ಆಮೇಲೆ ತಿಳಿಸಿದರಾಯಿತು. ಬೆಳಗಿನ ಮೆಜೆಸ್ಟಿಕ್ ಜನಜಂಗುಳಿಯಲ್ಲಿ ಪ್ರತಿಯೊಬ್ಬರಿಗೂ ಬ್ಯಾಂಕನ್ನು ಕೇಳುತ್ತ ನಿಂತರೆ ಏನಾಗುತ್ತದೆ ಅಂತ ಆ ವಿನ್ಯಾಸ ಮಾಡಿದವರು ಯೋಚಿಸಿದ್ದರು. 2022ರಲ್ಲಿ ಬಂದ ಯುಪಿಐ ಲೈಟ್ ಕೂಡ ಸಣ್ಣ ಮೊತ್ತಕ್ಕೆ ಪ್ರತಿ ಸಲ ಬ್ಯಾಂಕಿನ ಮುಖ್ಯ ಕಂಪ್ಯೂಟರನ್ನು ಎಬ್ಬಿಸುವುದಿಲ್ಲ. ಟೀ ಕುಡಿದ ಹತ್ತು ರೂಪಾಯಿಗೆ ಅಷ್ಟು ದೊಡ್ಡ ಯಂತ್ರವನ್ನು ಕೇಳಬೇಕಾಗಿಲ್ಲ ಅಂತ ಯಾರಿಗೋ ಹೊಳೆದದ್ದು ಒಳ್ಳೆಯದಾಯಿತು.

ರೇಷನ್ ಅಂಗಡಿಗೂ ಇದನ್ನು ಮಾಡಬಹುದು. ಒಂದು ಅಂಗಡಿಗೆ ಇರುವುದು ಕೆಲವು ನೂರು ಕಾರ್ಡು. ಆ ತಿಂಗಳ ಪಟ್ಟಿಯನ್ನು ಯಂತ್ರದಲ್ಲೇ ಇಟ್ಟು, ನೆಟ್‌ವರ್ಕ್ ಹೋದಾಗ ಕೊಟ್ಟದ್ದನ್ನು ಗುರುತು ಹಾಕಿಕೊಂಡು, ಸಿಗ್ನಲ್ ಬಂದಾಗ ಮೇಲಕ್ಕೆ ಕಳಿಸುವುದು ತಾಂತ್ರಿಕವಾಗಿ ದೊಡ್ಡ ವಿಷಯವೇ ಅಲ್ಲ. ಮೋಸ ಆಗುವುದಿಲ್ಲವೇ? ಸ್ವಲ್ಪ ಆಗಬಹುದು. ಒಂದೇ ಕಾರ್ಡಿಗೆ ಎರಡು ಕಡೆ ಪಡೆದರೆ ಮಾರನೇ ದಿನ ಸಿಕ್ಕಿಬೀಳುತ್ತದೆ, ಮುಂದಿನ ತಿಂಗಳು ಕಳೆದುಕೊಳ್ಳಬಹುದು. ಆ ಮೋಸದ ಬೆಲೆ ಎಷ್ಟು, ಕೂಲಿ ಬಿಟ್ಟು ಬಂದು ಖಾಲಿ ಚೀಲದಲ್ಲಿ ಹಿಂದಿರುಗುವವರ ನಷ್ಟ ಎಷ್ಟು ಅಂತ ತೂಗಿ ನೋಡಬೇಕು. ಈಗಿನ ವ್ಯವಸ್ಥೆಯಲ್ಲಿ ಮೊದಲನೆಯದಕ್ಕೆ ಮಾತ್ರ ಲೆಕ್ಕ ಇದೆ. ಎರಡನೆಯದು ಯಾವ ಖಾತೆಗೂ ಬರುವುದಿಲ್ಲ. ಬೆರಳಚ್ಚು ತಾಳೆಯಾಗದಿದ್ದರೆ, ನೆಟ್‌ವರ್ಕ್ ಇಲ್ಲದಿದ್ದರೆ ಪಡಿತರ ನಿಲ್ಲಿಸಬೇಡಿ, ಪುಸ್ತಕದಲ್ಲಿ ಬರೆದುಕೊಂಡು ಕೊಡಿ ಅಂತ ಕೇಂದ್ರ ಆಹಾರ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಹೇಳಿದೆ. ಆದರೆ ಯಂತ್ರ ಒಪ್ಪದೆ ಕೊಟ್ಟ ಅಕ್ಕಿಗೆ ನಾಳೆ ತಾನೇ ಉತ್ತರ ಹೇಳಬೇಕಾಗುತ್ತದೆ ಅನ್ನುವ ಹೆದರಿಕೆ ಅಂಗಡಿಯವರಿಗೆ ಇದ್ದರೆ, ಪುಸ್ತಕ ತೆರೆಯುವವರು ಯಾರು?

ನಷ್ಟ ಯಾರು ಕಟ್ಟಿಕೊಡಬೇಕು ಅನ್ನುವುದನ್ನು ಬರೆದಿಟ್ಟ ಕಡೆ ವ್ಯವಸ್ಥೆ ಚುರುಕಾಗುತ್ತದೆ. ಯುಪಿಐಯಲ್ಲಿ ದುಡ್ಡು ಕಡಿತವಾಗಿ ಆಚೆ ಸೇರದಿದ್ದರೆ, ಗಡುವಿನೊಳಗೆ ವಾಪಸ್ ಬರದಿದ್ದರೆ, ದಿನಕ್ಕೆ 100 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ 2019ರಲ್ಲಿ ನಿಯಮ ಮಾಡಿದೆ. ಕರ್ನಾಟಕದಲ್ಲೂ ಅಂಥದ್ದೊಂದು ಕಾನೂನು ಇದೆ. 2011ರ ಸಕಾಲ ಕಾಯ್ದೆ ಪ್ರಕಾರ ಗಡುವಿನೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು, ಯೋಚನೆ ದೊಡ್ಡದು.

ಅದರಲ್ಲಿ ಒಂದು ತೂತು ಇದೆ. ಸಕಾಲದ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಕಂಪ್ಯೂಟರಿಗೆ ಹೋಗಿ ಸಕಾಲ ಸಂಖ್ಯೆ ಸಿಕ್ಕಿದ ಮೇಲೆ. ಸರ್ವರ್ ಡೌನ್ ಆಗಿದ್ದರೆ ಅರ್ಜಿಯೇ ಒಳಗೆ ಹೋಗುವುದಿಲ್ಲ. ಅರ್ಜಿ ಹೋಗದಿದ್ದರೆ ಸಂಖ್ಯೆ ಇಲ್ಲ, ಸಂಖ್ಯೆ ಇಲ್ಲದಿದ್ದರೆ ವಿಳಂಬವೂ ಇಲ್ಲ. ಮೂರು ದಿನ ನಾಡಕಚೇರಿಗೆ ಅಲೆದವರು ಸರ್ಕಾರದ ಲೆಕ್ಕದಲ್ಲಿ ಬಂದೇ ಇಲ್ಲ. ಇದನ್ನು ಮುಚ್ಚಲು ಹೊಸ ಸರ್ವರ್ ಬೇಕಿಲ್ಲ. ನೆಟ್‌ವರ್ಕ್ ಇಲ್ಲದಾಗಲೂ ಕೌಂಟರಿನವರು ಹೆಸರು, ತಾರೀಕು, ಸಮಯ ಬರೆದು, ಸೀಲು ಹಾಕಿ ಒಂದು ಚೀಟಿ ಕೊಡಬೇಕು, ಗಡುವು ಆ ಚೀಟಿಯ ತಾರೀಕಿನಿಂದಲೇ ಎಣಿಕೆಯಾಗಬೇಕು ಅಂತ ಒಂದು ಆದೇಶ ಹೊರಡಿಸಿದರೆ ಸಾಕು. ತಿಂಗಳ ಕೊನೆಗೆ ಯಾವ ಕಚೇರಿಯಲ್ಲಿ ಎಷ್ಟು ಚೀಟಿ ಹರಿದಿದ್ದಾರೆ ಅಂತ ಎಣಿಸಿದರೆ, ಸರ್ವರ್ ಎಲ್ಲಿ, ಎಷ್ಟು ಹೊತ್ತು, ಯಾರ ಪಾಲಿಗೆ ಡೌನ್ ಆಗಿತ್ತು ಅನ್ನುವುದು ಮೊದಲ ಸಲ ಸರ್ಕಾರಕ್ಕೂ ಗೊತ್ತಾಗುತ್ತದೆ.